ಹಸುಗೂಸಿನ ಮೆನಿಂಜೈಟಿಸ್: ಪ್ರಯೋಗಾಲಯದ ಅಂಕಿಗಳನ್ನು ಓದುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದಿರುವ ತೆಳು ಪೊರೆಗಳಿಗೆ ಸೋಂಕು ತಗುಲಿ ಉರಿಯೂತ ಉಂಟಾದರೆ ಅದನ್ನು ಮೆನಿಂಜೈಟಿಸ್ ಎನ್ನುತ್ತೇವೆ. ಯಾವ ವಯಸ್ಸಿನಲ್ಲಿ ಬಂದರೂ ಇದು ಅಪಾಯದ ಕಾಯಿಲೆಯೇ ಆದರೂ, ಹುಟ್ಟಿ 28 ದಿನ ತುಂಬದ ಮಗುವಿಗೆ ಬಂದಾಗ ಗುರುತಿಸುವುದೇ ಕಷ್ಟ. ದೊಡ್ಡವರು ತಲೆ ಸಿಡಿಯುತ್ತಿದೆ ಎನ್ನುತ್ತಾರೆ, ಕುತ್ತಿಗೆ ಬಗ್ಗಿಸಲು ಆಗುತ್ತಿಲ್ಲ ಎನ್ನುತ್ತಾರೆ. ಹಸುಗೂಸು ಹಾಲು ಕುಡಿಯುವುದನ್ನು ಕಡಿಮೆ ಮಾಡುತ್ತದೆ. ಎಂದಿಗಿಂತ ಹೆಚ್ಚು ಮಂಕಾಗುತ್ತದೆ ಅಥವಾ ಎತ್ತಿಕೊಂಡರೂ ಸಮಾಧಾನವಾಗದೆ ಕಿರಿಕಿರಿ ಮಾಡುತ್ತದೆ. ಮೈ ಬಿಸಿಯಾಗಬಹುದು, ತಣ್ಣಗೂ ಆಗಬಹುದು. ಉಸಿರು ನಡುವೆ ನಿಂತು ಮತ್ತೆ ಶುರುವಾಗಬಹುದು. ನೆತ್ತಿಯ ಸುಳಿ ಉಬ್ಬುವುದು ಬಹುಪಾಲು ತಡವಾಗಿ ಕಾಣುವ ಚಿಹ್ನೆ. ಕುತ್ತಿಗೆ ಸೆಟೆದುಕೊಳ್ಳುವುದಂತೂ ಈ ವಯಸ್ಸಿನಲ್ಲಿ ಅಪರೂಪ. ಮೇಲಾಗಿ, ಇದೇ ಲಕ್ಷಣಗಳು ರಕ್ತದ ಸೋಂಕಿನಲ್ಲಿ, ಹೃದಯದ ತೊಂದರೆಯಲ್ಲಿ, ರಕ್ತದ ಸಕ್ಕರೆ ಕುಸಿದಾಗಲೂ ಕಾಣಿಸುತ್ತವೆ. ಹೀಗೆ ಮಗುವಿನ ಮೈ ಸ್ಪಷ್ಟವಾಗಿ ಏನನ್ನೂ ಹೇಳದಿರುವಾಗ ವೈದ್ಯರು ಪ್ರಯೋಗಾಲಯವನ್ನು ನೆಚ್ಚಿಕೊಳ್ಳುತ್ತಾರೆ. ಅಲ್ಲಿಂದ ಬರುವ ಅಂಕಿಗಳು ಎಷ್ಟರ ಮಟ್ಟಿಗೆ ನಂಬಿಕೆಗೆ ಅರ್ಹ, ಯಾವ ಅಂಕಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಹರಿಯುವ ದ್ರವವನ್ನು ತೆಗೆದು, ಅದರಲ್ಲಿ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯೇ ಇಂದಿಗೂ ಈ ಕಾಯಿಲೆಯ ನಿರ್ಣಾಯಕ ಪುರಾವೆ. ಬೆನ್ನಿನ ಕೆಳಭಾಗದಿಂದ ಸೂಜಿಯ ಮೂಲಕ ಈ ದ್ರವವನ್ನು ತೆಗೆಯುವ ವಿಧಾನವನ್ನು ಜರ್ಮನಿಯ ವೈದ್ಯ ಹೈನ್ರಿಶ್ ಕ್ವಿಂಕೆ 1891ರಲ್ಲಿ ವಿವರಿಸಿದರು. ಜನ ಇದನ್ನು ಬೆನ್ನಿನ ನೀರು ತೆಗೆಯುವುದು ಎನ್ನುತ್ತಾರೆ, ಕೇಳಿದೊಡನೆ ಹೆದರುತ್ತಾರೆ. ಆ ಹೆದರಿಕೆ ಸಹಜವೇ. ಆದರೆ ನವಜಾತ ಶಿಶುವಿನ ಬೆನ್ನುಹುರಿ ದೊಡ್ಡವರಿಗಿಂತ ಸ್ವಲ್ಪ ಕೆಳಗಿನವರೆಗೆ ಇಳಿದಿರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ, ಸೊಂಟದ ಮೂರನೆಯ ಮತ್ತು ನಾಲ್ಕನೆಯ ಕಶೇರುಗಳ ನಡುವೆ ಅಥವಾ ಅದಕ್ಕೂ ಒಂದು ಅಂತರ ಕೆಳಗೆ ಸೂಜಿ ಹಾಕುತ್ತಾರೆ. ದ್ರವವನ್ನು ಸಿರಿಂಜಿನಿಂದ ಎಳೆಯುವುದಿಲ್ಲ. ಅದು ತಾನಾಗಿ ತೊಟ್ಟು ತೊಟ್ಟಾಗಿ ಸಣ್ಣ ಬಾಟಲಿಗಳಿಗೆ ಬೀಳುವಂತೆ ಬಿಡುತ್ತಾರೆ. ಒಂದು ಬಾಟಲಿ ಕಲ್ಚರಿಗೆ, ಒಂದು ಸಕ್ಕರೆ ಮತ್ತು ಪ್ರೋಟೀನಿನ ಅಳತೆಗೆ, ಇನ್ನೊಂದು ಜೀವಕೋಶಗಳ ಎಣಿಕೆಗೆ ಹೋಗುತ್ತದೆ.

ಈ ಎಣಿಕೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾಜಿನ ಮೇಲೆ ಸೂಕ್ಷ್ಮವಾದ ಚೌಕಗಳನ್ನು ಕೊರೆದ ಎಣಿಕೆ ಸ್ಲೈಡಿನ ಮೇಲೆ ದ್ರವವನ್ನು ಹಾಕಿ, ಸೂಕ್ಷ್ಮದರ್ಶಕದಡಿ ಚೌಕದಿಂದ ಚೌಕಕ್ಕೆ ಸಾಗುತ್ತ ತಂತ್ರಜ್ಞರು ಬಿಳಿ ರಕ್ತಕಣಗಳನ್ನು ಎಣಿಸುತ್ತಾರೆ. ಆರೋಗ್ಯವಂತ ವಯಸ್ಕರ ದ್ರವದಲ್ಲಿ ಒಂದು ಮೈಕ್ರೊಲೀಟರಿಗೆ ಐದಕ್ಕಿಂತ ಹೆಚ್ಚು ಬಿಳಿ ಕಣಗಳು ಸಾಮಾನ್ಯವಾಗಿ ಇರುವುದಿಲ್ಲ. ನವಜಾತ ಶಿಶುವಿನಲ್ಲಿ ಹಾಗಲ್ಲ. ಸೋಂಕೇ ಇಲ್ಲದಿದ್ದರೂ ಸುಮಾರು 20ರವರೆಗೆ ಇರಬಹುದು. ಪ್ರೋಟೀನಿನದೂ ಇದೇ ಕಥೆ: ದೊಡ್ಡವರಲ್ಲಿ ಡೆಸಿಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಹುಬ್ಬೇರಿಸುವ ವೈದ್ಯರು, ತಿಂಗಳು ತುಂಬಿ ಹುಟ್ಟಿದ ಕೂಸಿನಲ್ಲಿ 100ರ ಆಸುಪಾಸನ್ನೂ, ಅವಧಿಗೆ ಮುನ್ನ ಹುಟ್ಟಿದ ಕೂಸಿನಲ್ಲಿ ಇನ್ನೂ ಹೆಚ್ಚಿನದನ್ನೂ ಸಹಜವೆಂದೇ ಒಪ್ಪುತ್ತಾರೆ. ರಕ್ತ ಮತ್ತು ಮಿದುಳಿನ ನಡುವಿನ ತಡೆ ಆ ವಯಸ್ಸಿನಲ್ಲಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಸಕ್ಕರೆಯ ಅಂಶವನ್ನು ಮಾತ್ರ ಎಂದೂ ಒಂಟಿಯಾಗಿ ಓದಬಾರದು. ಅದೇ ಹೊತ್ತಿನಲ್ಲಿ ರಕ್ತದಲ್ಲಿ ಸಕ್ಕರೆ ಎಷ್ಟಿತ್ತು ಎಂಬುದರ ಪಕ್ಕದಲ್ಲಿಟ್ಟು ನೋಡಬೇಕು. ಏಕೆಂದರೆ ಹಾಲು ಸರಿಯಾಗಿ ಕುಡಿಯದ ಮಗುವಿನ ರಕ್ತದಲ್ಲೇ ಸಕ್ಕರೆ ಇಳಿದಿದ್ದರೆ ಈ ದ್ರವದಲ್ಲೂ ಇಳಿದೇ ಇರುತ್ತದೆ.

ಹಾಗಾದರೆ 20 ಎಂಬ ಗಡಿಯನ್ನು ಹಾಕಿಕೊಂಡು, ದಾಟಿದರೆ ಕಾಯಿಲೆ, ದಾಟದಿದ್ದರೆ ಇಲ್ಲ ಎಂದು ತೀರ್ಮಾನಿಸಬಹುದೇ? ಬರುವುದಿಲ್ಲ. ಅಮೆರಿಕದ ಹಲವಾರು ನವಜಾತ ಶಿಶು ತೀವ್ರ ನಿಗಾ ಘಟಕಗಳ ಒಂಬತ್ತು ಸಾವಿರಕ್ಕೂ ಹೆಚ್ಚು ಶಿಶುಗಳ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಮನದಟ್ಟು ಮಾಡಿಸಿತು. 21 ಕಣಗಳ ಗಡಿಯನ್ನು ನೆಚ್ಚಿಕೊಂಡಿದ್ದರೆ, ಕಲ್ಚರಿನಿಂದ ಖಚಿತಪಟ್ಟ ಮೆನಿಂಜೈಟಿಸ್ ಇದ್ದ ಶಿಶುಗಳಲ್ಲಿ ಸುಮಾರು ಐದರಲ್ಲೊಂದು ಕೈತಪ್ಪಿ ಹೋಗುತ್ತಿತ್ತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಅಲ್ಲಿ ಕಂಡಿತು: ಮೆನಿಂಜೈಟಿಸ್ ಇದ್ದ ಶಿಶುಗಳಲ್ಲಿ ಶೇಕಡಾ 38ರಷ್ಟರ ರಕ್ತದ ಕಲ್ಚರಿನಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ. ರಕ್ತ ಶುದ್ಧವಾಗಿದೆ, ಆದ್ದರಿಂದ ಮಿದುಳೂ ಸುರಕ್ಷಿತ ಎಂಬ ಊಹೆ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಅಂಕಿ ತಪ್ಪಾಗಲು ಕಾಯಿಲೆಯೇ ಕಾರಣವಾಗಬೇಕೆಂದೂ ಇಲ್ಲ. ದ್ರವ ತೆಗೆದ ಮೇಲೆ ಬಾಟಲಿ ವಾರ್ಡಿನಲ್ಲೇ ಉಳಿದರೆ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ಒಡೆದು ಕರಗತೊಡಗುತ್ತವೆ. ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆ ಕಳೆಯುವಷ್ಟರಲ್ಲಿ ಅವುಗಳ ಎಣಿಕೆ ಅರ್ಧದಷ್ಟು ಕುಸಿಯಬಹುದು. ಜೊತೆಗೆ ದ್ರವದಲ್ಲಿರುವ ಕಣಗಳು ಸಕ್ಕರೆಯನ್ನು ಬಳಸಿಕೊಳ್ಳುತ್ತಲೇ ಹೋಗುತ್ತವೆ. ಮಾದರಿಯನ್ನು ತಡಮಾಡದೆ ಪ್ರಯೋಗಾಲಯಕ್ಕೆ ಮುಟ್ಟಿಸುವವರ ಕೆಲಸ ದುಬಾರಿ ಯಂತ್ರದಷ್ಟೇ ಬೆಲೆಯುಳ್ಳದ್ದು ಎಂದು ನಾನು ಹೇಳುವುದು ಇದಕ್ಕಾಗಿಯೇ. ಇನ್ನು ಸೂಜಿ ಹಾಕುವಾಗ ಸಣ್ಣ ರಕ್ತನಾಳಕ್ಕೆ ತಗುಲಿ ದ್ರವಕ್ಕೆ ರಕ್ತ ಬೆರೆಯುವುದು ಶಿಶುಗಳಲ್ಲಿ ಪದೇ ಪದೇ ಆಗುವಂಥದ್ದು. ಆಗ ಐನೂರು ಅಥವಾ ಸಾವಿರ ಕೆಂಪು ಕಣಗಳಿಗೆ ಒಂದರಂತೆ ಬಿಳಿ ಕಣಗಳನ್ನು ಕಳೆಯುವ ಲೆಕ್ಕವೊಂದು ರೂಢಿಯಲ್ಲಿದೆ. ಶಿಶುಗಳಲ್ಲಿ ಈ ತಿದ್ದುಪಡಿ ರೋಗನಿರ್ಣಯವನ್ನು ಉತ್ತಮಪಡಿಸುವುದಿಲ್ಲ. ಸಮಾಧಾನ ತರುವ ಲೆಕ್ಕವೆಂದು ಅದಕ್ಕೆ ಜೋತುಬೀಳದಿರುವುದು ಒಳ್ಳೆಯದು.

ಈಗ ರಕ್ತದಲ್ಲಿ ಅಳೆಯುವ ಸೂಚಕಗಳಿಗೆ ಬರೋಣ. ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್, 1930ರಲ್ಲಿ ಪತ್ತೆಯಾದದ್ದು. ಉರಿಯೂತದ ಸಂದೇಶ ತಲುಪಿದಾಗ ಪಿತ್ತಜನಕಾಂಗ ಇದನ್ನು ತಯಾರಿಸುತ್ತದೆ. ತಯಾರಿಕೆಗೆ ಹೊತ್ತು ಹಿಡಿಯುವುದರಿಂದ ಸೋಂಕು ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಸಿಆರ್‌ಪಿ ಸಹಜವಾಗಿಯೇ ಇರಬಹುದು. ಅದು ತುತ್ತತುದಿ ಮುಟ್ಟುವುದಕ್ಕೆ ಒಂದೆರಡು ದಿನವೇ ಬೇಕು. ಅತ್ತ, ಹೆರಿಗೆ ಕಷ್ಟವಾದದ್ದು, ಮಗು ಹೊಟ್ಟೆಯಲ್ಲೇ ಮಲವಿಸರ್ಜಿಸಿ ಅದನ್ನು ಉಸಿರಿನೊಂದಿಗೆ ಎಳೆದುಕೊಂಡದ್ದು, ಇಂಥ ಸೋಂಕಲ್ಲದ ಕಾರಣಗಳಿಗೂ ಅದು ಏರುತ್ತದೆ. ಪ್ರೊಕ್ಯಾಲ್ಸಿಟೋನಿನ್ ಇದಕ್ಕಿಂತ ಬೇಗ, ಕೆಲವೇ ಗಂಟೆಗಳಲ್ಲಿ ಏರುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಹುಟ್ಟಿದ ಮೊದಲ ಎರಡು ದಿನ ಆರೋಗ್ಯವಂತ ಶಿಶುವಿನಲ್ಲೂ ಅದು ತಾನಾಗಿ ಏರಿ ಇಳಿಯುವುದರಿಂದ, ಮಗುವಿನ ವಯಸ್ಸನ್ನು ಗಂಟೆಗಳಲ್ಲಿ ಲೆಕ್ಕ ಹಾಕದೆ ಆ ಅಂಕಿಗೆ ಅರ್ಥವೇ ಇಲ್ಲ. ಇಂಟರ್‌ಲ್ಯೂಕಿನ್-6 ಇವೆರಡಕ್ಕಿಂತ ಮೊದಲೇ ಏರಿ ಬಲುಬೇಗ ಇಳಿದುಬಿಡುತ್ತದೆ.

ಈ ಮೂರೂ ಉಪಯುಕ್ತ. ಒಂದು ದಿನದ ಅಂತರದಲ್ಲಿ ಎರಡು ಬಾರಿ ಅಳೆದಾಗಲೂ ಸಿಆರ್‌ಪಿ ಕಡಿಮೆಯಾಗಿಯೇ ಇದ್ದು, ಮಗು ಲವಲವಿಕೆಯಿಂದಿದ್ದರೆ, ತೀವ್ರ ಬ್ಯಾಕ್ಟೀರಿಯಾ ಸೋಂಕಿನ ಸಾಧ್ಯತೆ ಬಹಳ ಕುಗ್ಗುತ್ತದೆ. ಆದರೂ ಇವು ಮಗುವಿನ ಮೈಯಲ್ಲಿ ಉರಿಯೂತವಿದೆ ಎನ್ನುತ್ತವೆಯೇ ಹೊರತು ಅದು ಶ್ವಾಸಕೋಶದಲ್ಲಿದೆಯೋ ಮೂತ್ರಪಿಂಡದಲ್ಲಿದೆಯೋ ಮಿದುಳಿನ ಪೊರೆಯಲ್ಲಿದೆಯೋ ಎಂದು ಹೇಳಲಾರವು. ಅನಾರೋಗ್ಯ ಕಣ್ಣಿಗೆ ಕಾಣುತ್ತಿರುವ ಹಸುಗೂಸಿನಲ್ಲಿ ರಕ್ತದ ಸೂಚಕವೊಂದು ಸಹಜವಾಗಿದೆ ಎಂಬ ಒಂದೇ ಕಾರಣಕ್ಕೆ ಬೆನ್ನಿನ ದ್ರವದ ಪರೀಕ್ಷೆಯನ್ನು ಕೈಬಿಡುವುದು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಲ್ಚರಿಗೂ ಮಿತಿಗಳಿವೆ. ಫಲಿತಾಂಶಕ್ಕೆ ಒಂದೆರಡು ದಿನ ಕಾಯಬೇಕು, ಮೊದಲೇ ಆಂಟಿಬಯೋಟಿಕ್ ಬಿದ್ದಿದ್ದರೆ ಏನೂ ಬೆಳೆಯದೆ ಇರಬಹುದು. ಮಗುವಿನ ಸ್ಥಿತಿ ಗಂಭೀರವಾಗಿದ್ದು ಸೂಜಿ ಹಾಕುವುದು ಸುರಕ್ಷಿತವಲ್ಲದಿದ್ದಾಗ ರಕ್ತದ ಮಾದರಿ ತೆಗೆದುಕೊಂಡು ಔಷಧಿಯನ್ನು ಮೊದಲು ಶುರುಮಾಡುವುದೇ ಸರಿ. ಪರೀಕ್ಷೆಗಾಗಿ ಚಿಕಿತ್ಸೆ ಕಾಯಬಾರದು. ಅಂಥ ಸಂದರ್ಭದಲ್ಲಿ ರೋಗಾಣುವಿನ ಆನುವಂಶಿಕ ಅಂಶವನ್ನು ಹುಡುಕುವ ಪಿಸಿಆರ್ ನೆರವಿಗೆ ಬರುತ್ತದೆ. 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಂಥ ಪರೀಕ್ಷೆಯೊಂದು 14 ರೋಗಾಣುಗಳನ್ನು ಸುಮಾರು ಒಂದು ಗಂಟೆಯಲ್ಲಿ ಹುಡುಕುತ್ತದೆ. ನವಜಾತರಲ್ಲಿ ಮುಖ್ಯವಾದ ಗುಂಪು-ಬಿ ಸ್ಟ್ರೆಪ್ಟೊಕಾಕಸ್, ಲಿಸ್ಟೀರಿಯಾ, ಕೆ-1 ಕವಚವುಳ್ಳ ಇ. ಕೋಲಿ, ಹರ್ಪಿಸ್, ಎಂಟರೊವೈರಸ್ ಮತ್ತು ಪ್ಯಾರೆಕೊವೈರಸ್ ಆ ಪಟ್ಟಿಯಲ್ಲಿವೆ. ಪ್ಯಾರೆಕೊವೈರಸ್ ಸೋಂಕಿನಲ್ಲಿ ಬಿಳಿ ಕಣಗಳು ಏರದೆಯೇ ಇರುವುದು ಸಾಮಾನ್ಯವಾದ್ದರಿಂದ ಅಲ್ಲಿ ಪಿಸಿಆರ್ ಇಲ್ಲದೆ ಗುರುತು ಹಿಡಿಯುವುದೇ ಕಷ್ಟ. ಆದರೆ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ನವಜಾತರನ್ನು ಕಾಡುವ ಕ್ಲೆಬ್ಸಿಯೆಲ್ಲಾ ಆ ಪಟ್ಟಿಯಲ್ಲಿಲ್ಲ. ಯಾವ ಔಷಧಿಗೆ ರೋಗಾಣು ಮಣಿಯುತ್ತದೆ ಎಂಬುದನ್ನೂ ಆ ಪರೀಕ್ಷೆ ತಿಳಿಸದು. ಆ ಉತ್ತರಕ್ಕೆ ಕಲ್ಚರೇ ಬೇಕು.

ಆ ಉತ್ತರದ ಮೇಲೆ ಚಿಕಿತ್ಸೆಯ ಅವಧಿಯೂ ನಿಂತಿದೆ. ತೊಡಕುಗಳಿಲ್ಲದ ಗುಂಪು-ಬಿ ಸ್ಟ್ರೆಪ್ಟೊಕಾಕಸ್ ಸೋಂಕಿಗೆ ಸಾಮಾನ್ಯವಾಗಿ 14 ದಿನ, ಇ. ಕೋಲಿಯಂಥ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಕನಿಷ್ಠ 21 ದಿನ ರಕ್ತನಾಳದ ಮೂಲಕ ಔಷಧಿ ಕೊಡುತ್ತಾರೆ. ನಿರೀಕ್ಷಿಸಿದಂತೆ ಮಗು ಚೇತರಿಸಿಕೊಳ್ಳದಿದ್ದರೆ ಬೆನ್ನಿನ ದ್ರವವನ್ನು ಎರಡನೆಯ ಬಾರಿ ತೆಗೆಯಬೇಕಾಗಬಹುದು. ತಂದೆತಾಯಿಯರು ಇದನ್ನು ಮೊದಲ ಪರೀಕ್ಷೆ ವಿಫಲವಾದದ್ದರ ಗುರುತೆಂದು ಭಾವಿಸಬೇಕಿಲ್ಲ, ರೋಗಾಣು ನಿಜಕ್ಕೂ ಅಳಿದಿದೆಯೇ ಎಂದು ನೋಡುವ ದಾರಿ ಅದು. ಮಗು ಮನೆಗೆ ಹೊರಡುವ ಮುನ್ನ ಅಥವಾ ಹೋದ ಕೆಲವೇ ವಾರಗಳಲ್ಲಿ ಕಿವಿ ಕೇಳುವ ಪರೀಕ್ಷೆಯೂ ಆಗಲೇಬೇಕು, ಏಕೆಂದರೆ ಈ ಕಾಯಿಲೆ ಉಳಿಸಿಹೋಗುವ ತೊಂದರೆಗಳಲ್ಲಿ ಕಿವುಡು ಮುಖ್ಯವಾದದ್ದು, ಮತ್ತು ಅದು ಹಸುಗೂಸಿನಲ್ಲಿ ಪರೀಕ್ಷಿಸದೆ ತಿಳಿಯುವುದಿಲ್ಲ.

ನಮಸ್ಕಾರ.