ಮ್ಯಾಂಟಲ್‌ಗೆ ಕ್ರಿಸ್‌ಮಸ್ ಅಲಂಕಾರ: ಬೆಂಕಿ ಹಚ್ಚುತ್ತೀರಾ, ಇಲ್ವಾ?

[ದೃಶ್ಯ: ಇಟ್ಟಿಗೆಯ ಫೈರ್‌ಪ್ಲೇಸ್, ಮೇಲೆ ಖಾಲಿ ಮ್ಯಾಂಟಲ್. ನೆಲದ ಮೇಲೆ ಹಸಿರು ಗಾರ್ಲೆಂಡ್ ಸುರುಳಿ.]

ನಮಸ್ಕಾರ. ಅಮೆರಿಕದಲ್ಲಿರುವ ನಮ್ಮವರಲ್ಲಿ ಎಷ್ಟೋ ಜನರ ಮನೆಯಲ್ಲಿ ಫೈರ್‌ಪ್ಲೇಸ್ ಇರುತ್ತದೆ. ಆಸೆಪಟ್ಟು ಕಟ್ಟಿಸಿದ್ದಲ್ಲ, ಮನೆ ಜೊತೆ ಬಂದದ್ದು. ಅದರ ಮೇಲಿನ ಉದ್ದನೆಯ ಹಲಗೆಯೇ ಮ್ಯಾಂಟಲ್. ವರ್ಷವೆಲ್ಲಾ ಅಲ್ಲಿ ಫೋಟೊ, ಬೀಗದ ಕೈ, ಪೋಸ್ಟಿನಲ್ಲಿ ಬಂದ ಕಾಗದ. ಡಿಸೆಂಬರ್ ಬಂತು ಅಂದರೆ ಮಾತ್ರ ಎಲ್ಲರ ಕಣ್ಣೂ ಅದರ ಮೇಲೆ.

ಇವತ್ತು ಅದನ್ನು ಅಲಂಕಾರ ಮಾಡೋಣ. ಗಾರ್ಲೆಂಡ್, ಅಂದರೆ ಹಸಿರೆಲೆಯ ಉದ್ದ ಹಾರ, ಕೈಗೆತ್ತಿಕೊಳ್ಳುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿ. ಹಬ್ಬದ ದಿನಗಳಲ್ಲಿ ಒಳಗೆ ಬೆಂಕಿ ಹಚ್ಚುತ್ತೀರಾ, ಇಲ್ವಾ? ಏನು ತರಬೇಕು, ಎಲ್ಲಿ ಕಟ್ಟಬೇಕು ಅನ್ನುವುದೆಲ್ಲ ಇದರ ಮೇಲೆಯೇ ನಿಂತಿದೆ.

ನಮ್ಮ ಮೊದಲ ಕ್ರಿಸ್‌ಮಸ್‌ಗೆ ನನಗೆ ಇದು ಹೊಳೆದಿರಲಿಲ್ಲ. ಹಸಿ ಸೀಡರ್ ಗಾರ್ಲೆಂಡ್ ತಂದು, ಬಾಗಿಲಿಗೆ ಮಾವಿನ ತೋರಣ ಕಟ್ಟುವ ಹಾಗೆ ಅಂಚಿಗೆ ಕಟ್ಟಿದೆ. ಸಂಜೆಯಾದರೆ ಗ್ಯಾಸ್ ಫೈರ್‌ಪ್ಲೇಸ್ ಆನ್. ನಾಲ್ಕನೇ ದಿನ ಮುಟ್ಟಿ ನೋಡಿದರೆ ಎಲೆ ಹಪ್ಪಳದ ಹಾಗೆ ಪುಡಿಪುಡಿ. ಎರಡೂ ತುದಿ ಹಸಿರಾಗಿತ್ತು, ಬೆಂಕಿಯ ನೇರ ಮೇಲಿದ್ದ ನಡುಭಾಗ ಮಾತ್ರ ಕಂದು. ಅವತ್ತೇ ಬಿಚ್ಚಿ ಹೊರಗೆ ಹಾಕಿದೆವು. ಒಣಗಿದ ಸೀಡರ್, ಪೈನ್‌ಗೆ ಒಂದು ಕಿಡಿ ತಾಗಿದರೆ ಸಾಕು, ಭಗ್ ಅಂತ ಹತ್ತಿಕೊಳ್ಳುತ್ತದೆ.

[ದೃಶ್ಯ: ಅಳತೆ ಟೇಪು, ಬೆಂಕಿಯ ಬಾಯಿಂದ ಮ್ಯಾಂಟಲ್‌ವರೆಗೆ.]

ಅಮೆರಿಕದಲ್ಲಿ ಬೆಂಕಿ ಸುರಕ್ಷತೆಯ ನಿಯಮ ಬರೆಯುವ ಸಂಸ್ಥೆ ಎನ್‌ಎಫ್‌ಪಿಎ. ಹತ್ತಿಕೊಳ್ಳುವ ಯಾವ ವಸ್ತುವೂ ಶಾಖದಿಂದ ಕನಿಷ್ಠ 3 ಅಡಿ ದೂರ ಇರಬೇಕು ಅಂತ ಅವರು ಹೇಳುತ್ತಾರೆ. ಟೇಪು ಹಿಡಿದು ನೋಡಿ. ಎಷ್ಟೋ ಮನೆಗಳಲ್ಲಿ ಮ್ಯಾಂಟಲ್ ಅಷ್ಟು ಎತ್ತರದಲ್ಲಿ ಇರುವುದೇ ಇಲ್ಲ. ಅದಕ್ಕೇ ಬೆಂಕಿ ಉರಿಯುವ ಹೊತ್ತಿನಲ್ಲಿ ಅಲ್ಲಿ ಎಲೆ, ಬಟ್ಟೆ, ರಿಬ್ಬನ್ ಏನೂ ಇಳಿಬಿದ್ದಿರಬಾರದು. ಹಿತ್ತಾಳೆ, ಗಾಜು, ಪಿಂಗಾಣಿ ಮೇಲಿರಲಿ. ನಮ್ಮ ಮನೆಯಲ್ಲಿ ಎರಡು ಹಿತ್ತಾಳೆ ದೀಪದ ಕಂಬ ಇಡುತ್ತೇವೆ, ಬೆಂಕಿಯ ಬೆಳಕಿಗೆ ಎಷ್ಟು ಚೆಂದ ಹೊಳೆಯುತ್ತವೆ ಗೊತ್ತಾ!

ಬೆಂಕಿ ಬೇಡ ಅಂದವರಿಗೆ ಕೈತುಂಬಾ ಸ್ವಾತಂತ್ರ್ಯ. ಗೂಡಿನೊಳಗೆ ಬರ್ಚ್ ಮರದ ಬಿಳಿ ತುಂಡುಗಳನ್ನು ಜೋಡಿಸಿ, ನಡುವೆ ಬ್ಯಾಟರಿ ಮೇಣದ ಬತ್ತಿ ಇಡಿ. ಗ್ಯಾಸಿನದ್ದಾದರೆ ಮೊದಲು ಪೈಲಟ್, ಅಂದರೆ ಒಳಗೆ ಉರಿಯುತ್ತಲೇ ಇರುವ ಪುಟ್ಟ ಜ್ವಾಲೆ, ಆರಿಸಿ, ಗ್ಯಾಸ್ ಬಂದ್ ಮಾಡಿ. ರಿಮೋಟ್ ಇದ್ದರೆ ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ. ಸುಮ್ನೆ ಆಟಕ್ಕೆ ಒಂದು ಬಟನ್ ಒತ್ತಿದರೂ ಕಷ್ಟ.

[ದೃಶ್ಯ: ನೆಲದ ಮೇಲೆ ಗಾರ್ಲೆಂಡ್‌ಗೆ ದೀಪದ ಸರ ಸುತ್ತುವ ಕೈಗಳು.]

ಈಗ ಗಾರ್ಲೆಂಡ್. ಮ್ಯಾಂಟಲ್ 6 ಅಡಿ ಇದ್ದರೆ 6 ಅಡಿಯದ್ದು ತಂದು ಪೇಚಾಡಬೇಡಿ. ಎರಡೂ ಬದಿ ಒಂದೂವರೆ ಅಡಿ ಇಳಿಬೀಳಬೇಕು, ಅಲ್ವಾ? 9 ಅಡಿಯದ್ದು ತನ್ನಿ. ದೀಪದ ಸರವನ್ನು ನೆಲದ ಮೇಲೇ ಸುತ್ತಿಬಿಡಿ, ಮೇಲೆ ಕಟ್ಟಿದ ಮೇಲೆ ವೈರು ತೂರಿಸುವುದು ದೊಡ್ಡ ತಲೆನೋವು. ಎಲ್‌ಇಡಿ ಸರವೇ ಇರಲಿ, ಹಳೇ ಬಲ್ಬಿನ ಹಾಗೆ ಬಿಸಿಯಾಗುವುದಿಲ್ಲ.

ಹಸಿಯದ್ದು ಬೇಕಾದರೆ ಡಿಸೆಂಬರ್ ನಡುವಿನಲ್ಲಿ ತನ್ನಿ. ನವೆಂಬರ್ ಕೊನೆಯ ಹೊತ್ತಿಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನವೇ ಕಟ್ಟಿದರೆ ಹೀಟರಿನ ಒಣ ಗಾಳಿಗೆ ಹಬ್ಬದ ಹೊತ್ತಿಗೆ ಒಣಗಿರುತ್ತದೆ. ಕಟ್ಟುವ ಹಿಂದಿನ ರಾತ್ರಿ ದೀಪ ಸುತ್ತುವ ಮುಂಚೆ ಬಾತ್‌ಟಬ್‌ನಲ್ಲಿ ನೆನೆಹಾಕಿ, ಬೆಳಗ್ಗೆ ನೀರು ಚೆನ್ನಾಗಿ ಇಳಿಯಲು ಬಿಡಿ. ಸೀಡರ್ ಸೀರೆಯ ಸೆರಗಿನ ಹಾಗೆ ಮೆತ್ತಗೆ ಇಳಿಯುತ್ತದೆ. ನೋಬಲ್ ಫರ್ ಸ್ವಲ್ಪ ಬಿರುಸು, ಆದರೆ ಎಲೆ ಬೇಗ ಉದುರುವುದಿಲ್ಲ. ಇಟ್ಟಿಗೆಗೆ ಅಂಟಿನ ಹುಕ್ಕು ನಿಲ್ಲುವುದಿಲ್ಲ. ಇಟ್ಟಿಗೆಯನ್ನೇ ಕಚ್ಚಿ ಹಿಡಿಯುವ ಕ್ಲಿಪ್ಪು ಸಿಗುತ್ತದೆ, ಮೊಳೆ ಹೊಡೆಯುವ ಕೆಲಸವೇ ಇಲ್ಲ.

[ದೃಶ್ಯ: ಓವನ್ ಟ್ರೇಯಲ್ಲಿ ಕಿತ್ತಳೆ ಬಿಲ್ಲೆಗಳು, ತೀರಾ ಹತ್ತಿರದಿಂದ.]

ನನಗೆ ತುಂಬಾ ಇಷ್ಟದ ಕೆಲಸ ಇದು. ಕಿತ್ತಳೆಯನ್ನು ಕಾಲು ಇಂಚು ದಪ್ಪಕ್ಕೆ ಅಡ್ಡ ಹೆಚ್ಚಿ. ಬಟ್ಟೆಯಲ್ಲಿ ಒತ್ತಿ ರಸ ತೆಗೆಯಿರಿ. 200 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಮೂರು ನಾಲ್ಕು ಗಂಟೆ ಬಿಡಿ, ನಡುನಡುವೆ ಮಗುಚಿ ಹಾಕಿ. ಒಣಗಿದ ಬಿಲ್ಲೆಯನ್ನು ದೀಪಕ್ಕೆ ಹಿಡಿದು ನೋಡಿ. ತೊಳೆಗಳ ನಡುವಿನ ಬಿಳಿ ಗೆರೆ, ಆಚೀಚೆ ಜೇನಿನ ಬಣ್ಣ. ದಾರಕ್ಕೆ ಪೋಣಿಸಿ ಗಾರ್ಲೆಂಡ್‌ಗೆ ಕಟ್ಟಿ, ಜೊತೆಗೆ ದಾಲ್ಚಿನ್ನಿ ಚಕ್ಕೆಯೂ ಇರಲಿ. ಇಡೀ ಮನೆ ಘಮಘಮ.

ಕೊನೆಗೆ ಸ್ಟಾಕಿಂಗ್, ಅಂದರೆ ಕ್ರಿಸ್‌ಮಸ್ ಉಡುಗೊರೆ ತುಂಬಲು ಮ್ಯಾಂಟಲ್‌ಗೆ ತೂಗುಹಾಕುವ ಉದ್ದ ಕಾಲುಚೀಲ. ನಾಲ್ಕನೇ ಶತಮಾನದಲ್ಲಿ ಈಗಿನ ಟರ್ಕಿಯ ಮೈರಾ ಎಂಬ ಊರಲ್ಲಿದ್ದ ಬಿಷಪ್ ಸಂತ ನಿಕೋಲಸ್. ಈ ಪದ್ಧತಿಯ ಹಿಂದೆ ಅವರ ಬಗ್ಗೆ ಒಂದು ಕತೆ ಇದೆ. ಮೂವರು ಹೆಣ್ಣುಮಕ್ಕಳ ಬಡ ತಂದೆ. ವರದಕ್ಷಿಣೆಗೆ ದುಡ್ಡಿಲ್ಲ. ನಿಕೋಲಸ್ ರಾತ್ರಿ ಗುಟ್ಟಾಗಿ ಬಂದು ಚಿನ್ನ ಎಸೆದು ಹೋದರು, ಅದು ಒಲೆ ಹತ್ತಿರ ಒಣಹಾಕಿದ್ದ ಕಾಲುಚೀಲದೊಳಗೆ ಬಿತ್ತು. ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಆ ಅಪ್ಪನ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. 1823ರ ಡಿಸೆಂಬರ್ 23ರಂದು ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಪತ್ರಿಕೆಯಲ್ಲಿ ಬಂದ ಒಂದು ಪದ್ಯದಲ್ಲೂ ಚಿಮಣಿ ಪಕ್ಕ ಕಾಲುಚೀಲ ತೂಗುತ್ತವೆ. ಆ ಪದ್ಯವನ್ನು ಇಲ್ಲಿನ ಮಕ್ಕಳಿಗೆ ಇವತ್ತಿಗೂ ಓದಿ ಹೇಳುತ್ತಾರೆ.

[ದೃಶ್ಯ: ಸಾಲಾಗಿ ತೂಗುವ ನಾಲ್ಕು ಕಾಲುಚೀಲ.]

ಖಾಲಿ ಇರುವಾಗ ತೂಗುಹಾಕಿ. ಉಡುಗೊರೆ ತುಂಬಿದ ಮೇಲೆ ಕೆಳಗಿಳಿಸಿ, ಗೋಡೆ ಪಕ್ಕ ಇಡಿ. ಭಾರಕ್ಕೆ ಮ್ಯಾಂಟಲ್ ಮೇಲೆ ಕಾಲುಚೀಲ ಹಿಡಿದಿಡುವ ಕಬ್ಬಿಣದ ಸ್ಟಾಂಡ್ ಜಾರಿ ಮಗುವಿನ ತಲೆ ಮೇಲೆ ಬೀಳಬಾರದು. ಬೆಂಕಿ ಹಚ್ಚುವುದಾದರೆ ಕಾಲುಚೀಲಗಳನ್ನು ಮೆಟ್ಟಿಲ ಕಂಬಿಗೆ ಕಟ್ಟಿ, ಅಲ್ಲೂ ಚೆನ್ನಾಗೇ ಕಾಣುತ್ತವೆ.

24ರ ರಾತ್ರಿ ಪ್ರತಿ ಚೀಲದ ತುದಿಗೆ ಒಂದು ಕಿತ್ತಳೆ ಹಾಕುವ ಪದ್ಧತಿ ಇಲ್ಲಿದೆ. ನಿಕೋಲಸ್ ಎಸೆದ ಚಿನ್ನದ ಗುರುತು ಅಂತಾರೆ. ನಮ್ಮ ಮಗಳು ಬೆಳಗ್ಗೆ ಎದ್ದವಳೇ ಮೊದಲು ಕೈ ಹಾಕುವುದು ಅಲ್ಲಿಗೇ.

[ದೃಶ್ಯ: ಕಾಲುಚೀಲದ ತುದಿಯಲ್ಲಿ ಉಬ್ಬಿದ ಕಿತ್ತಳೆ, ಪಕ್ಕದಲ್ಲಿ ಪುಟ್ಟ ಕೈ.]