ಪಾರ್ಸೆಲ್ ಬಿಚ್ಚಿ, ಹಿಂದೆ ತಿರುಗಿಸಿ ನೋಡಿ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರಕ್ಕೆ ಬಂದು ವಿದ್ಯಾರ್ಥಿಗಳ ಮುಂದೆ ನಿಂತವರೆಲ್ಲ ಮುದ್ದೇನಹಳ್ಳಿಯಿಂದ ಮಾತು ಶುರು ಮಾಡುತ್ತಾರೆ. ವಿಶ್ವೇಶ್ವರಯ್ಯನವರ ಬಗ್ಗೆ ನೀವು ಸಾಕಷ್ಟು ಕೇಳಿದ್ದೀರಿ. ಇವತ್ತು ನಾನು ಒಂದು ರಟ್ಟಿನ ಡಬ್ಬದ ವಿಷಯ ಹೇಳುತ್ತೇನೆ.

ನಾನು ವಿಡಿಯೋಗಳಲ್ಲಿ ಸರ್ಕ್ಯೂಟ್ ಕಟ್ಟಿ ತೋರಿಸುವವನು. ನೋಡುವವರು ಆಗಾಗ ಏನಾದರೂ ಕಳಿಸುತ್ತಾರೆ. ಬಹಳ ಸಲ ಅದು ಕೆಟ್ಟುಹೋದ ಅಡಾಪ್ಟರು, ಜೊತೆಗೆ "ಸಾರ್, ರಿಪೇರಿ ಮಾಡಿಕೊಡಿ" ಅಂತ ಒಂದು ಚೀಟಿ! ಈ ಡಬ್ಬ ಹಾಗಿರಲಿಲ್ಲ. ಶಿಡ್ಲಘಟ್ಟದ ಕಡೆಯ ಒಬ್ಬ ಹುಡುಗಿ ತಾನೇ ಕಟ್ಟಿದ ಮೂರು ಸಾಮಾನುಗಳನ್ನು ಮುಂಚೆ ಏನೂ ಹೇಳದೆ ಕಳಿಸಿದ್ದಳು. ಅವರದು ರೇಷ್ಮೆ ಹುಳು ಸಾಕುವ ಮನೆ.

ಪಾರ್ಸೆಲ್ ಬಿಚ್ಚುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ ಅಲ್ವಾ? ಕತ್ತರಿ, ಕಿರುಚಾಟ, "ವಾವ್", ಮುಗೀತು. ಒಳಗಿದ್ದ ವಸ್ತುವಿನ ಮೇಲೆ ಕ್ಯಾಮೆರಾ ನಿಲ್ಲುವುದೇ ಇಲ್ಲ. ರಾತ್ರಿ ನಿದ್ದೆಗೆಟ್ಟು ಬೆಸುಗೆ ಹಾಕಿದವರಿಗೆ ಇದರಿಂದ ಏನು ಸಿಕ್ಕಿತು? ಸುಮ್ನೆ ಹೊಗಳುವ ಬದಲು ಎರಡು ಪ್ರಶ್ನೆ ಕೇಳಿ. ಅವರಿಗೆ ಖುಷಿ ಜಾಸ್ತಿ ಆಗುತ್ತದೆ.

ಮೊದಲನೆಯದು ಪುಟ್ಟ ಟಾರ್ಚು, ಹಳೇ ಕನ್ನಡಕದ ಡಬ್ಬಿಯೊಳಗೆ ಕೂರಿಸಿದ್ದು. ಬಿಳಿ ಎಲ್‌ಇಡಿ ಹೊತ್ತಲು ಸುಮಾರು 3 ವೋಲ್ಟ್ ಬೇಕು. ಇದರೊಳಗೆ ಇರುವುದು ಗೋಡೆ ಗಡಿಯಾರದಿಂದ ತೆಗೆದ, ಸೋತುಹೋದ ಒಂದೇ ಸೆಲ್. ಆದರೂ ಉರಿಯುತ್ತದೆ. ಕೆಟ್ಟ ಸಿಎಫ್‌ಎಲ್ ಬಲ್ಬಿನಿಂದ ಬಿಚ್ಚಿದ ಫೆರೈಟ್ ಉಂಗುರಕ್ಕೆ ಎರಡು ತಂತಿ ಸುತ್ತಿ, ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್ ಸೇರಿಸಿದ್ದಾಳೆ. ಟ್ರಾನ್ಸಿಸ್ಟರ್ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತದೆ, ಪ್ರತಿ ಸಲ ಆಫ್ ಆದಾಗ ಸುರುಳಿ ವೋಲ್ಟೇಜನ್ನು ಮೇಲೆ ಎತ್ತುತ್ತದೆ. ಇದಕ್ಕೆ ಜೌಲ್ ಥೀಫ್ ಅನ್ನುತ್ತಾರೆ. ಹೊಸ ಐಡಿಯಾ ಏನಲ್ಲ, ಆದರೆ ಉಂಗುರವನ್ನು ಕಸದಿಂದ ಹುಡುಕಿ ತೆಗೆದದ್ದು ನನಗೆ ಹಿಡಿಸಿತು.

ಎರಡನೆಯದೇ ನಿಜವಾದ ಸರಕು. ಹುಳು ಮನೆಯ ಬಿಸಿ ಮತ್ತು ತೇವ ಅಳೆದು ಕೂಗುವ ಅಲಾರಂ. ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಪ್ರೋಗ್ರಾಂ ಬೋರ್ಡು, ಬಿಸಿ-ತೇವ ಅಳೆಯುವ ಡಿಎಚ್‌ಟಿ11 ಸೆನ್ಸರ್, ಒಂದು ಬಜರ್. ನಾನು ಮೊದಲು ಬೋರ್ಡನ್ನು ಹಿಂದೆ ತಿರುಗಿಸಿದೆ. ಎಡ ತುದಿಯ ಬೆಸುಗೆಗಳು ಗುಂಡಗೆ, ಮಬ್ಬಾಗಿ ಉಬ್ಬಿಕೊಂಡಿದ್ದವು. ಬಲಕ್ಕೆ ಹೋದಂತೆ ಸಣ್ಣಗಾಗಿ ಹೊಳೆಯುತ್ತಿದ್ದವು. ಎಲ್ಲಿಂದ ಶುರು ಮಾಡಿದಳು, ಎಲ್ಲಿ ಕೈ ಕುದುರಿತು ಅಂತ ಅಲ್ಲೇ ಗೊತ್ತಾಗುತ್ತಿತ್ತು. ಸೆನ್ಸರನ್ನು ಮೊಳದುದ್ದದ ವೈರಿನ ತುದಿಗೆ ಕಟ್ಟಿ, ಸುತ್ತ ತೆಳ್ಳನೆ ಬಟ್ಟೆ ಹೊದಿಸಿದ್ದಳು. ಯಾಕೆ ಅಂದರೆ ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿ ಕೂತಾಗ, ಹಾಸಿಗೆ ಒಣಗಲಿ ಅಂತ ಸುಣ್ಣದ ಪುಡಿ ಉದುರಿಸುತ್ತಾರೆ. ಆ ಪುಡಿ ಸೆನ್ಸರಿನ ಮೇಲೆ ಕೂರಬಾರದು.

ಇಲ್ಲಿ ನನಗೊಂದು ಅನುಮಾನ ಬಂತು. ಡಿಎಚ್‌ಟಿ11 ಅಗ್ಗದ ಸೆನ್ಸರ್. ಅದು ಅಳೆಯುವುದು ಶೇ. 20ರಿಂದ 90ರವರೆಗಿನ ತೇವ, ಅದರಲ್ಲೂ ಶೇ. 5ರಷ್ಟು ಆಚೀಚೆ. ಉಷ್ಣತೆಯಲ್ಲಿ 2 ಡಿಗ್ರಿ ಆಚೀಚೆ. ಚಾಕಿ ಹುಳುವಿಗೆ, ಅಂದರೆ ಎರಡನೇ ಜ್ವರದವರೆಗಿನ ಎಳೆ ಹುಳುವಿಗೆ, 26ರಿಂದ 28 ಡಿಗ್ರಿ ಬಿಸಿ, ಶೇ. 80ರಿಂದ 90 ತೇವ ಬೇಕು. ಅಂದರೆ ಸೆನ್ಸರಿನ ಶಕ್ತಿ ಮುಗಿಯುವ ಅಂಚಿನಲ್ಲೇ ಕೆಲಸ. ಆದರೆ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿತ್ತು: "ಎರಡನೇ ಜ್ವರ ಎದ್ದ ಮೇಲೆ ಮಾತ್ರ." ಅವರ ಮನೆಗೆ ಚಾಕಿ ಹಂತ ಮುಗಿಸಿದ ಹುಳುವೇ ಬರುತ್ತದೆ. ದೊಡ್ಡ ಹುಳುವಿಗೆ 24-25 ಡಿಗ್ರಿ, ಶೇ. 70ರ ಸುತ್ತಮುತ್ತ ತೇವ ಇದ್ದರೆ ಸಾಕು, ಅಲ್ಲಿ ಈ ಸೆನ್ಸರ್ ನಡೆಯುತ್ತದೆ. ಜೊತೆಗೆ ಒಂದು ಹಾಳೆ. ಹುಳು ಮನೆಯಲ್ಲಿ ತೇವ ಅಳೆಯುವ ಹಳೇ ಒಣ-ಒದ್ದೆ ಥರ್ಮಾಮೀಟರಿನ ಲೆಕ್ಕ ಒಂದು ಸಾಲಿನಲ್ಲಿ, ಸೆನ್ಸರಿನ ಲೆಕ್ಕ ಪಕ್ಕದ ಸಾಲಿನಲ್ಲಿ. ಇಂಜಿನಿಯರಿಂಗ್ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ನಾನು ಇಂಥ ಹಾಳೆ ನೋಡುವುದು ಅಪರೂಪ, ಬೇಜಾರು ಮಾಡಿಕೊಳ್ಳಬೇಡಿ.

ಬಜರ್ ಒಂದು ಸಲ ಕೂಗಿದರೆ ಗಾಳಿ ಒಣಗಿದೆ, ಕಿಟಕಿಯ ಗೋಣಿಚೀಲಕ್ಕೆ ನೀರು ಹಾಕಬೇಕು. ಎರಡು ಸಲ ಕೂಗಿದರೆ ತೇವ ಜಾಸ್ತಿ, ಕಿಟಕಿ ತೆಗೆಯಬೇಕು. ಪರದೆ ಇಲ್ಲ. ಅರ್ಧರಾತ್ರಿ ನಿದ್ದೆಗಣ್ಣಲ್ಲಿ ಪರದೆ ಓದುವವರು ಯಾರು?

ಮೂರನೆಯದು ಬೋರಿನ ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಬಂದರೆ ಎಬ್ಬಿಸುವ ಗಂಟೆ. ಮೂರು ಹಳೇ ಮೊಬೈಲ್ ಚಾರ್ಜರು, ಒಂದೊಂದು ಫೇಸಿಗೆ ಒಂದೊಂದು. ಪ್ರತಿಯೊಂದೂ ಒಂದು 5 ವೋಲ್ಟ್ ರಿಲೇ ಎಳೆಯುತ್ತದೆ. ಮೂರರ ಕಾಂಟ್ಯಾಕ್ಟೂ ಒಂದರ ಹಿಂದೆ ಒಂದು ಜೋಡಿಸಿದೆ, ಮೂರೂ ಎಳೆದರೆ ಮಾತ್ರ ಗಂಟೆ. ಕರೆಂಟು ಬಂದ ಕೂಡಲೇ ಮೋಟರ್ ತಾನೇ ಓಡಿಸುವ ಆಟೋ ಸ್ಟಾರ್ಟರ್ ಪೇಟೆಯಲ್ಲಿ ಸಿಗುತ್ತದಲ್ಲ ಅಂತ ಅವಳನ್ನು ಕೇಳಿದೆ. "ಬೋರಲ್ಲಿ ನೀರಿಲ್ಲದಾಗ ಮೋಟರ್ ತಾನೇ ಓಡಿದರೆ ಸುಟ್ಟುಹೋಗುತ್ತೆ ಸಾರ್, ನಮ್ಮಪ್ಪ ಎದ್ದು ಹೋಗಿ ನೋಡಿಯೇ ಹಾಕಬೇಕು" ಅಂದಳು. ಈ ಜಿಲ್ಲೆಯ ಬೋರುಗಳ ಆಳ ಗೊತ್ತಿರುವವರಿಗೆ ಮುಂದಿನ ಮಾತು ಬೇಕಿಲ್ಲ.

ಇದಕ್ಕೆ ನನ್ನ ತಕರಾರೂ ಇದೆ. ಅಗ್ಗದ ಚಾರ್ಜರಿನಲ್ಲಿ 230 ವೋಲ್ಟಿನ ಕಡೆಗೂ 5 ವೋಲ್ಟಿನ ಕಡೆಗೂ ನಡುವೆ ಬಿಟ್ಟಿರುವ ಜಾಗ ತೀರಾ ಕಮ್ಮಿ. ಒಂದೊಂದು ಫೇಸಿಗೂ ಫ್ಯೂಸ್ ಹಾಕು, ಕಬ್ಬಿಣದ ಡಬ್ಬಿ ಬಿಟ್ಟು ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸು ಅಂತ ಬರೆದು ಕಳಿಸಿದ್ದೇನೆ. ಅದಕ್ಕೆ ಅವಳಿಂದ ನಾಲ್ಕು ಪುಟದ ಉತ್ತರ ಬಂದಿದೆ, ಅರ್ಧದಷ್ಟು ಜಗಳವೇ.

ಮೂರನ್ನೂ ಈ ಮೇಜಿನ ಮೇಲೆ ಇಡುತ್ತಿದ್ದೇನೆ. ಸ್ಕ್ರೂಡ್ರೈವರ್ ಇದೆ, ಮಲ್ಟಿಮೀಟರ್ ಇದೆ. ಬಂದು ಬಿಚ್ಚಿ ನೋಡಿ. ಚಾರ್ಜರ್ ಇರುವ ಡಬ್ಬಿಯನ್ನು ಮಾತ್ರ ಯಾರೂ ಪ್ಲಗ್ಗಿಗೆ ಹಾಕಬೇಡಿ.