ಅರಸಾಳು: ಮಾಲ್ಗುಡಿಗಿಂತ ಮುಂಚಿನ ಕಥೆ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದಲ್ಲಿ ತಾಳಗುಪ್ಪದ ರೈಲು ಹತ್ತಿದರೆ, ಸಾಗರಕ್ಕಿಂತ ಮೊದಲು ಅರಸಾಳು ಸಿಗುತ್ತದೆ. ಹೊಸನಗರ ತಾಲ್ಲೂಕಿನ ಸಣ್ಣ ಊರು. ರಿಪ್ಪನ್‌ಪೇಟೆಯವರಿಗೂ ರೈಲು ಅಂದರೆ ಇದೇ. ಇಲ್ಲಿನ ಹಂಚಿನ ಸೂರಿನ ಹಳೇ ಸ್ಟೇಷನ್ ಈಗ ಸ್ಟೇಷನ್ ಅಲ್ಲ. ಇವತ್ತು ಅದರ ಮಾತು.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು 1899ರಲ್ಲೇ ಬಂದಿತ್ತು. ಮುಂದೆ ದಟ್ಟ ಕಾಡು. 1930ರ ದಶಕದಲ್ಲಿ ಮೈಸೂರು ಸಂಸ್ಥಾನ ಹಳಿಯನ್ನು ತುಂಡು ತುಂಡಾಗಿ ಮುಂದಕ್ಕೆ ಒಯ್ದಿತು. ಮೊದಲು ಅರಸಾಳು, ಆಮೇಲೆ ಆನಂದಪುರ, ಸಾಗರ. ತಾಳಗುಪ್ಪ ಮುಟ್ಟಿದ್ದು 1940ರಲ್ಲಿ. ಅಂದರೆ ಸ್ವಲ್ಪ ಕಾಲ ಈ ದಾರಿಗೆ ಅರಸಾಳೇ ಕೊನೆ! ಅಲ್ಲಿಂದಾಚೆಗೆ ಗಾಡಿಯೋ, ಕಾಲ್ನಡಿಗೆಯೋ.

ಆಗ ಇದ್ದದ್ದು ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ ಕಿರಿದಾದ ಹಳಿ, ಅದೂ ಹೋಗಿ ಬರಲು ಒಂದೇ ದಾರಿ. ಇಂಥ ದಾರಿಯಲ್ಲಿ ಎರಡು ರೈಲು ಎದುರುಬದುರಾಗದಂತೆ ಕಾಯುತ್ತಿದ್ದದ್ದು ಒಂದು ಉಕ್ಕಿನ ಚೆಂಡು. ಸ್ಟೇಷನ್ ಮಾಸ್ಟರ್ ಅದನ್ನು ಯಂತ್ರದಿಂದ ತೆಗೆದು, ಬಳೆಯಂಥ ಹಿಡಿಕೆಯಿದ್ದ ಚರ್ಮದ ಚೀಲಕ್ಕೆ ಹಾಕಿ ಕೊಡಿಸುತ್ತಿದ್ದರು. ಎರಡು ಸ್ಟೇಷನ್ನುಗಳ ನಡುವೆ ಒಂದು ಸಲಕ್ಕೆ ಒಂದೇ ಚೆಂಡು ಹೊರಬರುತ್ತಿತ್ತು; ಅದು ಕೈಗೆ ಬಾರದೆ ಡ್ರೈವರ್ ಮುಂದೆ ಹೋಗುವಂತಿರಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಒಪ್ಪಿಸಿ ಬೇರೆಯದನ್ನು ಪಡೆಯಬೇಕು. ಸುರಿಯುವ ಮಲೆನಾಡಿನ ಮಳೆಯಲ್ಲಿ, ಲಾಟೀನು ಹಿಡಿದು ಈ ಕೆಲಸ ಮಾಡಿದವರನ್ನು ನೆನೆಸಿಕೊಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ.

80ರ ದಶಕದಲ್ಲಿ ಶಂಕರ್ ನಾಗ್, ಆರ್. ಕೆ. ನಾರಾಯಣ್ ಅವರ ಕಲ್ಪನೆಯ ಊರಾದ ಮಾಲ್ಗುಡಿಯ ಕಥೆಗಳನ್ನು ತೆರೆಗೆ ತಂದ 'ಮಾಲ್ಗುಡಿ ಡೇಸ್' ಟಿವಿ ಧಾರಾವಾಹಿಗೆ ಇದೇ ಸ್ಟೇಷನ್ ಆರಿಸಿಕೊಂಡರು. ದೇಶಕ್ಕೆಲ್ಲ ಇದು ಮಾಲ್ಗುಡಿಯಾಯಿತು. ಮುಂದೆ ಬ್ರಾಡ್‌ಗೇಜ್, ಅಂದರೆ ಅಗಲ ಹಳಿ, ಬಂತು. ಮೀಟರ್ ಗೇಜ್ ಹಳಿ ಕಿತ್ತರು, ಹೊಸ ಸ್ಟೇಷನ್ ಕಟ್ಟಿದರು. ಹಳೆಯದು ಪಾಳು ಬಿತ್ತು. ರೈಲ್ವೆಯವರು ಅದನ್ನು ಕೆಡವದೆ ರಿಪೇರಿ ಮಾಡಿಸಿ, 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದಕ್ಕೆ ರೂಪ ಕೊಟ್ಟರು. ಬಹಳ ಒಳ್ಳೆಯ ಕೆಲಸ.

ಆದರೆ ಕ್ಯಾಮೆರಾ ಬರುವುದಕ್ಕೆ ಅರ್ಧ ಶತಮಾನ ಮೊದಲೇ ಇಲ್ಲಿ ರೈಲು ಓಡುತ್ತಿತ್ತು, ಅಲ್ವಾ? ಹಳಿ ಹಾಕಿದವರು, ಗೇಟು ಕಾದವರು, ಅಡಿಕೆ ಮೂಟೆಯ ಜೊತೆ ಪೇಟೆಗೆ ಹೊರಟವರು, ತವರಿಗೆ ಬಂದಿಳಿದ ಹೆಣ್ಣುಮಕ್ಕಳು, ಇವರದ್ದೂ ಆ ಗೋಡೆಗಳ ಕಥೆಯೇ. ಆ ಕಾಲ ಕಂಡವರು ಈಗ ಕಡಿಮೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಪಕ್ಕದಲ್ಲಿ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಳೇ ರಟ್ಟಿನ ಟಿಕೆಟ್ಟೋ, ಫೋಟೋನೋ ಪೆಟ್ಟಿಗೆಯಲ್ಲಿದ್ದರೆ ದಯವಿಟ್ಟು ಎಸೆಯಬೇಡಿ.

ನಮಸ್ಕಾರ.